ಘಾಟು ಬ್ಯಾಂಡಿನ ಎರಡನೆಯ ಕ್ಯಾಸೆಟ್ಟು

ಭುವನಾ ಅಂಗಡಿಯೊಳಗೆ ಬಂದವಳು ಯಾರನ್ನೂ ಮಾತಾಡಿಸಲಿಲ್ಲ. ಗಲ್ಲಾದ ಪಕ್ಕದಲ್ಲಿ ಹಾಡುತ್ತಿದ್ದ ಹಳೆಯ ಟೇಪ್ ರೆಕಾರ್ಡರನ್ನು ನಿಲ್ಲಿಸಿದಳು. ಕ್ಯಾಸೆಟ್ಟನ್ನು ಹೊರಗೆ ತೆಗೆದು, ಅದರ ಕಂದು ಪಟ್ಟಿಗೆ ಬೆರಳು ಸಿಕ್ಕಿಸಿ, ರೀಲು ಪೂರ್ತಿ ಬಿಚ್ಚಿಕೊಳ್ಳುವಂತೆ ಎಳೆಯತೊಡಗಿದಳು.

ರಾಣೆಬೆನ್ನೂರಿನ ಆ ಬೀಜದ ಅಂಗಡಿಯಲ್ಲಿ ನಿಂತಿದ್ದ ರೈತರು ಹಿಂದೆ ಸರಿದರು. ಅಂಗಡಿಯ ಒಡೆಯ ಮಾಲತೇಶ ಬೀಜದ ಪಾಕೀಟು ಕೈಯಲ್ಲಿ ಹಿಡಿದೇ ಎದ್ದು ನಿಂತ.

"ರೀ... ಏನ್ ಮಾಡಾಕತ್ತೀರಿ ನೀವು?"

"ಇನ್ನೊಮ್ಮೆ ಈ ಹಾಡು ಹಚ್ಚಿದ್ರ ನಿಮ್ಮ ಮಷೀನೂ ಉಳಿಯೂದಿಲ್ಲ."

ಅವಳು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಟೀಚರು. ಆ ದಿನ ಬೆಳಿಗ್ಗೆ ಮೈಕು ಕಟ್ಟಿಕೊಂಡ ಒಂದು ಆಟೋ ಕರ್ಜಗಿಯ ಕಡೆಗೆ ಹೋಗುತ್ತ ಶಾಲೆಯ ಮುಂದೆ ನಿಂತಿತ್ತು. ಈ ಅಂಗಡಿಯ ಮೆಣಸಿನಕಾಯಿ ಬೀಜದ ಜಾಹೀರಾತಿನ ನಡುವೆ ಒಂದು ಕೀಚಲು ದನಿಯ ಹಾಡಿನ ತುಣುಕು ಬಂತು. ತರಗತಿಯ ಹುಡುಗರು ಬಿದ್ದು ಬಿದ್ದು ನಕ್ಕರು. ಭುವನಾ ಕಪ್ಪು ಹಲಗೆಯ ಕಡೆಗೆ ತಿರುಗಿ ನಿಂತವಳು ಗಂಟೆ ಹೊಡೆಯುವ ತನಕ ಈ ಕಡೆ ತಿರುಗಲಿಲ್ಲ. ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿದ್ದಳು.

"ನಗಸೂ ಹಾಡರಿ ಅದು. ನಗಲಿ ಅಂತ ಮಾಡ್ಯಾರ," ಎಂದ ಮಾಲತೇಶ.

"ಮಾಡಿದಾಂವ ನಮ್ಮಪ್ಪ. ಸತ್ತು ಇನ್ನ ವರ್ಷ ತುಂಬಿಲ್ಲ."

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಮಾಲತೇಶನ ಮುಖ ಮಾತ್ರ ದೀಪ ಹಚ್ಚಿದಂತೆ ಬೆಳಗಿತು.

"ಘಾಟು ಬ್ಯಾಂಡಿನ ವಿರೂಪಾಕ್ಷಪ್ಪನವರ ಮಗಳಾ ನೀವು? ಖರೇನ?"

ಆ ಸಂತೋಷವೇ ಅವಳನ್ನು ಸುಟ್ಟಿತು. ಸುರುಳಿ ಬಿಚ್ಚಿದ ಕ್ಯಾಸೆಟ್ಟನ್ನು ಅವನ ಮುಂದೆ ಎಸೆದು ಮೆಟ್ಟಿಲಿಳಿದಳು. ಹಿಂದಿನಿಂದ ಅವನ ದನಿ ಕೇಳಿಸಿತು. ಈಗ ಅದರಲ್ಲೂ ಸಿಟ್ಟಿತ್ತು.

"ಇಂಥಾ ಕ್ಯಾಸೆಟ್ ಇನ್ನೊಂದು ಎಲ್ಲೂ ಉಳದಿಲ್ಲರಿ. ನಿಮ್ಮಪ್ಪ ನಿಮಗೊಬ್ಬರಿಗೇ ಅಲ್ಲ."

*

ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಊರಿನಲ್ಲಿ ವಿರೂಪಾಕ್ಷಪ್ಪ ಮತ್ತು ಅವನ ಗೆಳೆಯರು, ಭುವನಾ ಇನ್ನೂ ತೊಟ್ಟಿಲಲ್ಲಿದ್ದಾಗ, ಗಿಟಾರು ಮತ್ತು ಡ್ರಮ್ಮು ಇಟ್ಟುಕೊಂಡು ಮೆಣಸಿನಕಾಯಿ ಗೋದಾಮಿನಲ್ಲಿ ರಾಕ್ ಸಂಗೀತ ಬಾರಿಸಿದರು. ಚೀಲಗಳ ನಡುವೆ ಹಾಡುವಾಗ ಸೀನು ತಪ್ಪುತ್ತಿರಲಿಲ್ಲ. ಅದಕ್ಕೇ ತಮಗೆ 'ಘಾಟು' ಎಂದು ಹೆಸರಿಟ್ಟುಕೊಂಡರು. ಮೊದಲು 'ಅಕ್ಷೀ' ಎಂಬ ಕ್ಯಾಸೆಟ್ಟು ತಂದರು, ಆಮೇಲೆ 'ಬಣ್ಣ ಭಾಳ ಖಾರ ಕಡಿಮಿ'. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ದಾಟಿದರೆ ಅವರ ಹೆಸರು ಕೇಳಿದವರಿಲ್ಲ.

ಭುವನಾ ಮಾತು ಕಲಿಯುವ ವಯಸ್ಸಿನಲ್ಲಿ ಅವಳ ತಾಯಿ ಮೀನಾಕ್ಷಿ ಜ್ವರದಿಂದ ತೀರಿಕೊಂಡಳು. ವಿರೂಪಾಕ್ಷಪ್ಪ ಗಿಟಾರು ಕೆಳಗಿಟ್ಟ. ಮತ್ತೆ ಬಾಯಿ ತೆರೆದದ್ದು ಗುಡಿಯ ಭಜನೆಗೆ ಮಾತ್ರ.

ಆದರೆ ಊರು ಮರೆಯಲಿಲ್ಲ. ಎರಡನೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಒಬ್ಬ ಹೆಂಡತಿಯ ಹಾಡಿತ್ತು.

ಬಣ್ಣ ನೋಡಿ ಬಂದ ಗಂಡ, ಖಾರ ಹತ್ತಿ ಓಡಿದ,
ಚಪ್ಪಲಿ ಬಿಟ್ಟು ಓಡಿದ.
ಉಣ್ಣೋ ಹೊತ್ತಿಗೆ ಬಾಗಲದಾಗ ನಿಂತು ನಿಂತು ಕೆಮ್ಮಿದ...

ಹಾಡಿದ ದನಿ ಇಲಿಯ ದನಿಯಂತೆ ಕೀಚಲು. ವಿರೂಪಾಕ್ಷಪ್ಪ ತನ್ನ ಹೆಂಡತಿಯನ್ನು ಅಣಗಿಸಿ ಹೆಣ್ಣು ದನಿಯಲ್ಲಿ ಹಾಡಿದ್ದಾನೆ ಎಂದು ಎಲ್ಲರೂ ನಂಬಿದರು. ಶಾಲೆಯಲ್ಲಿ ಭುವನಾ ಹಾದು ಹೋದರೆ ಸಾಕು, ಹುಡುಗರು ಸಾಲಾಗಿ ನಿಂತು ಕೆಮ್ಮುತ್ತಿದ್ದರು.

ದೊಡ್ಡವಳಾದ ಮೇಲೆ ಅವಳು ತಂದೆಯನ್ನು ನೇರವಾಗಿ ಕೇಳಿದಳು. ಸತ್ತ ಅವ್ವನನ್ನು ಊರ ಬಾಯಿಗೆ ಯಾಕೆ ಹಾಕಿದೆ ಎಂದು. ವಿರೂಪಾಕ್ಷಪ್ಪ ಮಗಳ ಮುಖ ನೋಡಿದ, ಏನೋ ಹೇಳಲು ಹೋದ, ಗಂಟಲು ಕಟ್ಟಿತು. ಅಷ್ಟರಲ್ಲಿ ಅವಳು ಬಾಗಿಲು ಹಾಕಿಕೊಂಡಳು. ಆ ಸಿಟ್ಟಿನಲ್ಲೇ ಅವಳು ಹಾವೇರಿಯಲ್ಲಿ ಮನೆ ಮಾಡಿದಳು. ಆ ಸಿಟ್ಟು ಆರುವ ಮೊದಲೇ ತಂದೆ ಹೋದ. ಸತ್ತವರ ಮೇಲಿನ ಸಿಟ್ಟಿಗೆ ಹೋಗಲು ಎಲ್ಲಿಯೂ ದಾರಿಯಿಲ್ಲ... ಅದು ಮನೆಯಲ್ಲೇ ಕುಳಿತಿರುತ್ತದೆ.

*

ಮರುದಿನದಿಂದ ಆಟೋದಲ್ಲಿ ಆ ಹಾಡು ನಿಂತಿತು. ಆ ವಾರದ ಕೊನೆಗೆ ಮಾಲತೇಶನೇ ಶಾಲೆಯ ಗೇಟಿನ ಹೊರಗೆ ಬೈಕು ನಿಲ್ಲಿಸಿಕೊಂಡು ನಿಂತಿದ್ದ.

ಅವನು ಕ್ಷಮೆ ಕೇಳಿದ, ನಿಜ. ಆದರೆ ಸಿಟ್ಟಿನಿಂದಲೇ ಕೇಳಿದ. ಪೆನ್ನು ಸಿಕ್ಕಿಸಿ ಪಟ್ಟಿಯನ್ನು ಮತ್ತೆ ಸುತ್ತಿದ್ದೇನೆ, ನಾಲ್ಕಾರು ಕಡೆ ಮಡಿಕೆ ಬಿದ್ದಿದೆ, ಪುಣ್ಯಕ್ಕೆ ಹರಿದಿಲ್ಲ ಎಂದ. ಯುಗಾದಿಗೆ ಅಟ್ಟ ಗುಡಿಸುವಾಗ ಎರಡೂ ಕ್ಯಾಸೆಟ್ಟು ಸಿಕ್ಕಿದ್ದವಂತೆ. ಚಿಕ್ಕಂದಿನಲ್ಲಿ ತಂದೆಯ ಅಂಗಡಿಯಲ್ಲಿ ಬೀಜದ ಚೀಲದ ಮೇಲೆ ಕುಳಿತು ಕೇಳಿದ ಹಾಡುಗಳು. ಹಚ್ಚಿದ ಕೂಡಲೇ ಒಂದೊಂದು ಸಾಲೂ ಬಾಯಿಗೆ ಬಂತಂತೆ.

ಹೇಳುತ್ತ ಹೇಳುತ್ತ ಅವನ ಸಿಟ್ಟು ಇಳಿಯಿತು. ಮದುವೆ ಹಂದರಕ್ಕೆ ನುಗ್ಗಿದ ಎಮ್ಮೆಯನ್ನು ಬೀಗರು ತಮ್ಮ ಕಡೆಯವರೆಂದು ಕೂರಿಸಿದ ಹಾಡು. ಗಿಟಾರು ಜೋರಾಗಿ ಏರಿ, ಇನ್ನೇನು ಡ್ರಮ್ಮು ಬೀಳಬೇಕು ಎನ್ನುವಾಗ ಡ್ರಮ್ಮಿನವನು ನಿಜವಾಗಿಯೇ ಸೀನಿ ತಾಳ ತಪ್ಪಿದ ಹಾಡು. "ಅದನ್ನ ಹಂಗ ಬಿಟ್ಟಾರ ನೋಡ್ರಿ. ಅಳಿಸಿಲ್ಲ. ಸೀನಿದ ಮ್ಯಾಲ ನಿಮ್ಮಪ್ಪ ಏನಂತಾರ ಗೊತ್ತೇನು? 'ಕಾರಣ ಆತು, ಮುಂದ ನಡೀಲಿ' ಅಂತಾರ."

ಭುವನಾಗೆ ನಗು ಬಂದುಬಿಟ್ಟಿತು. ತಂದೆ ಮನೆಯಿಂದ ಹೊರಡುವಾಗ ಯಾರಾದರೂ ಸೀನಿದರೆ, ಅಪಶಕುನವೆಂದು ನಿಲ್ಲದೆ, ಹೇಳುತ್ತಿದ್ದ ಮಾತೇ ಅದು. ನಕ್ಕಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಕೋಪ ಬಂತು.

"ಎಲ್ಲಾ ಹಾಡೂ ಕೇಳ್ರಿ. ಹೇಣ್ತಿ ಹಾಡು ಮಾತ್ರ ಬ್ಯಾಡ. ನಮ್ಮವ್ವನ್ನ ಅಣಗಸ್ಯಾನ ಅದರಾಗ."

ಮಾಲತೇಶ ಒಪ್ಪಲಿಲ್ಲ. "ಆ ಹಾಡಿನಾಗ ಸೋತಾಂವ ಗಂಡರಿ. ಗೆದ್ದಾಕಿ ಆಕಿ. ಅಣಗಸಾಂವ ಹಂಗ ಹಾಡೂದಿಲ್ಲ."

"ನಿಮಗೇನ ಗೊತ್ತು?" ಎಂದು ಅವಳು ಹೊರಟೇಬಿಟ್ಟಳು. ಹೊಟ್ಟೆಯೊಳಗೆ ಮಾತ್ರ ಆ ಮಾತು ಉಳಿಯಿತು... ಗೆದ್ದಾಕಿ ಆಕಿ.

*

ತಂದೆಯ ವರ್ಷದ ಎಡೆಗೆ ಹೇಳಿ ಬರಲು ಭುವನಾ ಐರಣಿಗೆ ಹೋದಳು. ಘಾಟು ಬ್ಯಾಂಡಿನ ಡ್ರಮ್ಮಿನ ಹೊಳಿಯಪ್ಪ ಈಗ ಅಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹೊಲ ಮಾಡಿಕೊಂಡಿದ್ದ. ಜಗಲಿಯ ಮೇಲೆ ನೋಡಿದರೆ ಮಾಲತೇಶ ಕುಳಿತಿದ್ದ. ಕ್ಯಾಸೆಟ್ಟಿನ ಮೇಲಿನ ಹೆಸರು ಹಿಡಿದು ವಿಚಾರಿಸುತ್ತ ಹುಡುಕಿಕೊಂಡು ಬಂದಿದ್ದ.

ಅವಳು ಚಪ್ಪಲಿ ಬಿಡುವ ಮೊದಲೇ ಜಗಳ ಶುರುವಾಯಿತು. ನಮ್ಮ ಮನೆತನದ ಬೆನ್ನು ಬಿಡುವುದಿಲ್ಲವೇ ಎಂದು ಅವಳು. ಹಾಡು ಕೇಳಲು ನಿಮ್ಮ ಅಪ್ಪಣೆ ಬೇಕೇ ಎಂದು ಅವನು. ಹೊಳಿಯಪ್ಪ ಇಬ್ಬರನ್ನೂ ನೋಡಿದ. ಕೊನೆಗೆ ಅವನ ಸಿಟ್ಟೇ ಎಲ್ಲರಿಗಿಂತ ದೊಡ್ಡದಾಗಿ ಎದ್ದಿತು.

"ಸಾಕ ಬಾಯಿ ಮುಚ್ಚವಾ. ಆ ಹೇಣ್ತಿ ಹಾಡಿನಾಗಿರೂದು ನಿಮ್ಮಪ್ಪನ ದನಿ ಅಲ್ಲ. ನಿಮ್ಮವ್ವಂದು."

ಭುವನಾಗೆ ಅರ್ಥವಾಗಲಿಲ್ಲ. ಹೊಳಿಯಪ್ಪ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಟೇಪ್ ರೆಕಾರ್ಡರನ್ನು ತಂದ. ಹಾಡುಗಳನ್ನು ತುಂಬಿಕೊಂಡ ಯಂತ್ರವೇ ಅದು. ಅವತ್ತು ಗೋದಾಮಿನಲ್ಲಿ ಕರೆಂಟು ಇರಲಿಲ್ಲ, ಸೆಲ್ಲಿನ ಮೇಲೆ ನಡೆಸಿದರು. ಕೊನೆಯ ಹಾಡಿನ ಹೊತ್ತಿಗೆ ಸೆಲ್ಲು ಇಳಿದು ಯಂತ್ರ ಮೆಲ್ಲಗೆ ತಿರುಗುತ್ತಿತ್ತು. ಯಾರೂ ಗಮನಿಸಲಿಲ್ಲ. ಮೆಲ್ಲಗೆ ತುಂಬಿಕೊಂಡದ್ದನ್ನು ಸರಿಯಾದ ವೇಗದಲ್ಲಿ ಹಚ್ಚಿದಾಗ ಮೀನಾಕ್ಷಿಯ ದನಿ ಇಲಿಯ ದನಿಯಾಗಿತ್ತು.

"ನಾ ಅಷ್ಟು ಲಗೂ ಎಂದರ ಬಾರ್ಸೇನೇನು? ಡ್ರಮ್ಮು ಕೇಳಿದ್ರ ತಿಳೀತೈತಿ," ಎಂದ ಹೊಳಿಯಪ್ಪ.

ಮತ್ತೆ ತುಂಬಬೇಕೆಂದು ಗೆಳೆಯರು ಹೇಳಿದಾಗ ಬೇಡ ಎಂದವಳು ಮೀನಾಕ್ಷಿಯೇ. ಮನೆಯ ಸೊಸೆ ಗೋದಾಮಿನಲ್ಲಿ ಗಂಡಸರ ಜೊತೆ ನಿಂತು ಹಾಡಿದ್ದಾಳೆ ಎಂದು ಮಾವನಿಗೆ ತಿಳಿದರೆ ಮನೆ ಉಳಿಯುತ್ತಿರಲಿಲ್ಲ. ನೀನೇ ಹಾಡಿದ್ದೆಂದು ಹೇಳು, ಜನ ನಗಲಿ ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳು.

"ಅಜ್ಜ ಹೋದ ಮ್ಯಾಲರ ನನಗ ಹೇಳಬೇಕಿತ್ತಲ್ಲ ಕಾಕಾ..."

"ಹೇಳಾಕ ಹೋದಾಗೊಮ್ಮೆ ಆಕಿ ದನಿ ನೆನಪಾಗಿ ಗಂಟಲು ಕಟ್ಟತಿತ್ತು ಅವಂಗ. ನೀ ಅಷ್ಟರಾಗ ಬಾಗಲಾ ಹಾಕ್ಕೊಂತಿದ್ದಿ."

ಹೊಳಿಯಪ್ಪ ತನ್ನ ಟಾರ್ಚು ಬ್ಯಾಟರಿಯಿಂದ, ಇಳಿದುಹೋದ ಹಳೆಯ ಸೆಲ್ಲುಗಳನ್ನು ತೆಗೆದು ಯಂತ್ರಕ್ಕೆ ಹಾಕಿದ. ಹೊಸ ಸೆಲ್ಲು ಹಾಕಿದರೆ ಯಂತ್ರ ಜೋರಾಗಿ ತಿರುಗುತ್ತದೆ, ಅವಳು ಬರುವುದಿಲ್ಲ ಎಂದ.

ಮಾಲತೇಶ ತಂದಿದ್ದ ಕ್ಯಾಸೆಟ್ಟನ್ನು ಹಾಕಿದಾಗ ಯಂತ್ರ ಆಯಾಸದಿಂದ ತಿರುಗಿತು. ಗಿಟಾರು ನಿಧಾನವಾಯಿತು. ಆಮೇಲೆ ಒಬ್ಬ ಹೆಣ್ಣುಮಗಳು ಹಾಡಿದಳು. ತುಂಬಿದ, ಸ್ವಲ್ಪ ಒರಟಾದ, ನಗು ತಡೆದುಕೊಂಡ ದನಿ. ಕೆಮ್ಮಿದ ಎನ್ನುವಲ್ಲಿ ನಗು ತಡೆಯಲಾಗದೆ ಒಂದು ಕ್ಷಣ ನಿಂತು ಮತ್ತೆ ಹಾಡಿದಳು.

ಹೋದವರ ಫೋಟೋ ಎಲ್ಲರ ಮನೆಯ ಗೋಡೆಯ ಮೇಲೂ ಇರುತ್ತದೆ. ದನಿ ಉಳಿಯುವುದು ಕೆಲವರಿಗೆ ಮಾತ್ರ, ಅದು ದೇವರ ದೊಡ್ಡ ಕೃಪೆ. ಭುವನಾ ಯಂತ್ರಕ್ಕೆ ಹಣೆ ಹಚ್ಚಿ ಕುಳಿತಳು.

ತಲೆ ಎತ್ತಿದಾಗ ಮಾಲತೇಶ ಕಣ್ಣೊರೆಸಿಕೊಳ್ಳುತ್ತಿದ್ದ. ಈ ಹಾಡನ್ನು ಹೀಗೆಯೇ ಎಲ್ಲರಿಗೂ ಕೇಳಿಸಬೇಕು ಎಂದ. ಭುವನಾಳ ದುಃಖಕ್ಕೆ ಯಾರನ್ನಾದರೂ ಹೊಡೆಯಬೇಕಿತ್ತು. ಎದುರಿಗೆ ಸಿಕ್ಕವನು ಅವನು.

"ಕೇಳಸ್ರಿ. ನಮ್ಮವ್ವನ್ನ ಹಾಡಿಸಿ ಬೀಜ ಮಾರ್ರಿ."

ಮಾಲತೇಶ ಎದ್ದ. ಕ್ಯಾಸೆಟ್ಟನ್ನು ಅವಳ ಮುಂದೆ ಇಟ್ಟ.

"ಇದು ನಿಮ್ಮದು. ಇನ್ನ ಮ್ಯಾಲ ನಿಮ್ಮ ಬಾಗಲಕ್ಕ ಬರೂದಿಲ್ಲ ನಾನು."

ಬೈಕಿನ ಕಡೆಗೆ ಹೋಗುವ ಅವನ ಬೆನ್ನನ್ನು ನೋಡುತ್ತ ಕರೆಯಬೇಕೆಂದುಕೊಂಡಳು. ಅಪ್ಪನ ಮುಂದೆಯೂ ಹೀಗೆಯೇ ಬಾಗಿಲು ಹಾಕಿಕೊಳ್ಳುತ್ತಿದ್ದೆನಲ್ಲ ಎನ್ನಿಸಿತು. ಆದರೂ ಕರೆಯಲಿಲ್ಲ.

*

ವರ್ಷದ ದಿನ ಬ್ಯಾಡಗಿಯ ಮನೆಗೆ ಬಂಧುಗಳು ಬಂದರು. ವಿರೂಪಾಕ್ಷಪ್ಪನ ಫೋಟೋದ ಪಕ್ಕದಲ್ಲಿ ಮೀನಾಕ್ಷಿಯ ಫೋಟೋ ಇಟ್ಟು, ವಿಭೂತಿ ಹಚ್ಚಿ, ಹೋಳಿಗೆಯ ಎಡೆ ಇಟ್ಟರು. ಊಟಕ್ಕೆ ಮುಂಚೆ ಎಲ್ಲರ ಎದುರಿಗೆ ಅವ್ವನ ದನಿ ಕೇಳಿಸಬೇಕು, ಅಪ್ಪನ ಮೇಲಿನ ಮಾತು ಇವತ್ತಿಗೆ ತೀರಬೇಕು ಎಂದು ಭುವನಾ ಮನಸ್ಸು ಮಾಡಿದ್ದಳು. ಹೊಳಿಯಪ್ಪ ಯಂತ್ರ ತಂದಿದ್ದ. ಆದರೆ ಅವನ ಹಳೆಯ ಸೆಲ್ಲುಗಳು ಐರಣಿಯಲ್ಲೇ ಪೂರ್ತಿ ಸತ್ತಿದ್ದವು. ಬಿಸಿಲಿಗಿಟ್ಟರೂ ಏಳಲಿಲ್ಲ. ಅಂಗಡಿಯಲ್ಲಿ ಸಿಗುವುದೆಲ್ಲ ಹೊಸದು.

ಯಾರಿಗಾದರೂ ಗುರುತು ಸಿಕ್ಕೀತೆಂದು ಹೊಸದನ್ನೇ ಹಾಕಿ ಹಚ್ಚಿದಳು. ಇಲಿಯ ದನಿ ಬಂತು. ಪಂಕ್ತಿಯಲ್ಲಿ ಕುಳಿತವರು ನಕ್ಕರು. ವಿರೂಪಾಕ್ಷಪ್ಪ ಹೆಂಡತಿಯನ್ನು ಎಷ್ಟು ಚೆನ್ನಾಗಿ ಅಣಗಿಸುತ್ತಿದ್ದ ಎಂದು ಯಾರೋ ಅಂದರು. ಭುವನಾ ಯಂತ್ರವನ್ನು ನಿಲ್ಲಿಸಿದಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು.

ಬಾಲ್ಯದಿಂದ ಆ ಸದ್ದಿಗೆ ತಿರುಗಿ ನೋಡದವಳು ಇವತ್ತು ತಿರುಗಿದಳು. ಮಾಲತೇಶ ಹೊಸ್ತಿಲಿನ ಹೊರಗೆ ನಿಂತಿದ್ದ. ಕೈಯಲ್ಲಿ ಬೀಜದ ಚೀಲ. ಅದರ ತುಂಬ ಹಳೆಯ ಸೆಲ್ಲುಗಳು. ಹೊಳಿಯಪ್ಪನಿಂದ ವರ್ಷದ ದಿನ ತಿಳಿದುಕೊಂಡು, ಅಂಗಡಿಗೆ ಬಂದ ರೈತರಿಂದ ಇಳಿದ ಬ್ಯಾಟರಿ ಸೆಲ್ಲು ಕೇಳಿ ಕೇಳಿ ಕೂಡಿಸಿದ್ದ. ಕುಪ್ಪೇಲೂರಿನ ರೈತರು ಇವನಿಗೆ ಹುಚ್ಚು ಹಿಡಿದಿದೆ ಎಂದು ಆಡಿಕೊಂಡರಂತೆ.

"ಬಾಗಲಕ್ಕ ಬರೂದಿಲ್ಲ ಅಂದಿದ್ರಿ," ಎಂದಳು ಭುವನಾ. ಸಿಟ್ಟು ತೋರಿಸಲು ನೋಡಿದಳು, ದನಿ ಒಡೆಯಿತು.

"ಉಣ್ಣೋ ಹೊತ್ತಾತಲ್ಲ... ಅದಕ್ಕ ಬಂದೆ."

ಹೊಳಿಯಪ್ಪ ಚೀಲ ಇಸಿದುಕೊಂಡು ಸೆಲ್ಲುಗಳನ್ನು ಹಾಕಿ ನೋಡಿದ. ಕೆಲವು ಏಳಲಿಲ್ಲ. ಕೆಲವು ಇನ್ನೂ ಗಟ್ಟಿಯಾಗಿದ್ದವು. ಕೊನೆಗೆ ಒಂದು ಜೊತೆ ಸರಿಯಾಗಿ ಕೂತಿತು. ಮೀನಾಕ್ಷಿ ಹಾಡಿದಳು. ಪಂಕ್ತಿಯಲ್ಲಿ ಯಾರೂ ನಗಲಿಲ್ಲ. ವಿರೂಪಾಕ್ಷಪ್ಪನ ಅಕ್ಕ ಗುತ್ತೆವ್ವ ಎಲೆಯ ಮುಂದಿನಿಂದ ಎದ್ದು ಬಂದು, "ಮೀನಿ... ನಮ್ಮ ಮೀನಾಕ್ಷಿ ದನಿ ಇದು," ಎನ್ನುತ್ತ ತಮ್ಮನ ಫೋಟೋವನ್ನು ಸೆರಗಿನಿಂದ ಒರೆಸಿದಳು.

ಭುವನಾ ಬಾಗಿಲಿಗೆ ಬಂದಳು. ಮಾಲತೇಶ ಇನ್ನೂ ಹೊರಗೇ ನಿಂತಿದ್ದ.

"ಅವತ್ತು ಐರಣಿಯಾಗ ನಾ ಅಂದದ್ದು ತಪ್ಪು."

"ನನಗೂ ಸಿಟ್ಟು ಬಂದಿತ್ತರಿ. ಆದ್ರ ಅಂಗಡಿಗೆ ಯಾರ ಬಂದ್ರೂ ತಲಿ ಎತ್ತಿ ನೋಡತೇನಿ. ಬೈಯಾಕರ ನೀವು ಬರ್ತೀರೇನೋ ಅಂತ."

"ಜೀವಮಾನಪೂರ್ತಿ ಬೈತೇನಿ. ತಡಕೊಂತೀರೇನು?"

ಒಳಗೆ ಹಾಡು ಮುಗಿಯುವುದರಲ್ಲಿತ್ತು. ಮಾಲತೇಶ ಉತ್ತರ ಕೊಡುವ ಬದಲು ಇನ್ನೊಮ್ಮೆ ಕೆಮ್ಮಿದ, ಈ ಸಲ ಬೇಕೆಂದೇ. ಭುವನಾ ಕಣ್ಣೀರಿನಲ್ಲೇ ನಕ್ಕಳು.

"ಚಪ್ಪಲಿ ಬಿಟ್ಟು ಒಳಗ ಬರ್ರಿ."

"ಬಿಟ್ಟೆ."

ಅವಳು ಬಾಗಿ ಆ ಚಪ್ಪಲಿಗಳನ್ನು ಎತ್ತಿ ಒಳಗಿನ ಮೂಲೆಗಿಟ್ಟಳು.

"ಇಲ್ಲೇ ಇರ್ಲಿ. ನಿಮಗ ಇನ್ನ ಓಡೂದು ಇಲ್ಲ."