ತಮ್ಮನ ಹೆಸರಿನಲ್ಲಿ ಕೊಟ್ಟ ಲಿವರ್

೨೦೧೪ರ ಜೂನ್ ೧೭, ಬೆಳಿಗ್ಗೆ. ನವಿ ಮುಂಬಯಿಯ ಸಾನಪಾಡಾ ಪೊಲೀಸ್ ಠಾಣೆಗೆ ಬಂದ ಯಜ್ಞೇಶ್ವರ ಕುರ್ಚಿಯಲ್ಲಿ ಕೂರುವ ಮೊದಲೇ ಅಂಗಿ ಎತ್ತಿ ಹೊಟ್ಟೆ ತೋರಿಸಿದರು. ಕಲ್ಯಾಣದ ಸ್ವಂತ ಹೋಟೆಲಿನಲ್ಲಿ ಉಂಡು ದುಂಡಗಾದ ಹೊಟ್ಟೆ, ಒಂದು ಗೀರೂ ಇಲ್ಲ.

"ಸಾಹೇಬ್ರೆ, ಅಣ್ಣ ತಾರಾನಾಥನಿಗೆ ನಾನು ಲಿವರ್ ಕೊಟ್ಟಿದ್ದೇನಂತೆ! ಹೊಲಿಗೆ ತೋರಿಸ್ಲಿಕ್ಕೆ ಬನ್ನಿ ಅಂತ ಆಸ್ಪತ್ರೆಯಿಂದ ಫೋನು."

ಇನ್‌ಸ್ಪೆಕ್ಟರ್ ಅಂಬಾರಾಯ ನಗು ನುಂಗಿಕೊಂಡರು. "ಅಣ್ಣ ಕೇಳಿದ್ದಿಲ್ಲೇನು?"

"ಕೇಳಿದ್ದ. ನಾನು ಆಗುದಿಲ್ಲ ಅಂದೆ." ಅವರ ದನಿ ಇಳಿಯಿತು. ಅಣ್ಣನ ಜೊತೆಗಿನ ಪಾಲುದಾರಿಕೆ ಮುರಿದಾಗ ಅವರ ಗುರುತಿನ ಚೀಟಿಯ ಪ್ರತಿ ಅಣ್ಣನ ಹೋಟೆಲಿನಲ್ಲೇ ಉಳಿದಿತ್ತು.

ಎಫ್‌ಐಆರ್ ದಾಖಲಾಯಿತು. ಅಂಬಾರಾಯ ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರ್ ಅಪರ್ಣಾ ಕನ್ನಡದವರೇ.

"ತಾರಾನಾಥ ಒಂದು ತೊಟ್ಟೂ ಕುಡಿದವರಲ್ಲ. ಸಕ್ಕರೆ ಕಾಯಿಲೆ. ಲಿವರಿನಲ್ಲಿ ಕೊಬ್ಬು ತುಂಬಿ ಊತ ಬಂತು, ಊತ ಮಾಯ್ದಲ್ಲೆಲ್ಲ ಕಲೆ ಕಟ್ಟಿತು. ವರ್ಷಗಟ್ಟಲೆ ಹೀಗೇ. ಮೆತ್ತಗಿರಬೇಕಾದದ್ದು ಗಂಟುಗಂಟಾಗಿ ಬಿಗಿಯಿತು. ರಕ್ತದ ನಂಜು ಸೋಸದೆ ಮಿದುಳಿಗೂ ಮಂಕು ಕವಿಯಿತು."

"ಹಂಗಾರ ಬಂದಾವ ಯಾರು ಅಂತ ಅವರಿಗೆ ತಿಳೀಲಿಲ್ಲ?"

"'ತಮ್ಮ' ಅಂತಲೇ ಕರೆದರು. ನಾವೂ ನಂಬಿದೆವು. ಲಿವರ್ ಕೊಟ್ಟವನ ಬಲಗೈ ತುಂಬ ಎಣ್ಣೆ ಸಿಡಿದ ಕಲೆಗಳಿದ್ದವು."

ಅಂಬಾರಾಯ ನೇರ ತಾರಾನಾಥರ ಹೋಟೆಲಿಗೆ ನಡೆದರು. ದೋಸೆ ಭಟ್ಟ ಭುಜಂಗ ಕಾವಲಿ ಬಿಟ್ಟು ಸ್ಟೂಲಿನ ಮೇಲೆ ಕೂತಿದ್ದ. ಅಂಗಿ ಎತ್ತು ಎಂದರೆ ತಕರಾರಿಲ್ಲದೆ ಎತ್ತಿದ; ಹೊಟ್ಟೆಗೆ ಅಡ್ಡಲಾಗಿ ಹೊಸ ಹೊಲಿಗೆ. ಅಟ್ಟದ ಮೇಲಿನ ಅವನ ಕೋಣೆಯಲ್ಲಿ ಯಜ್ಞೇಶ್ವರರ ಗುರುತಿನ ಚೀಟಿಯ ಪ್ರತಿ ಸಿಕ್ಕಿ ಪಂಚನಾಮೆಯಾಯಿತು. ಒಂದು ಚಾಪೆ, ಒಂದು ಟ್ರಂಕು, ಒಂದೇ ಒಂದು ಲೋಟ. ಅಂಬಾರಾಯರ ಕ್ವಾರ್ಟರ್ಸಿನಲ್ಲೂ ಲೋಟ ಒಂದೇ.

"ರೊಕ್ಕ ತಗೊಂಡಿಯೇನು?"

"ಇಲ್ಲ ಸಾಹೇಬ್ರೆ."

"ಮತ್ತ ಯಾಕ?"

"ಧಣಿಗಳು ಸೀಕಿನ ಮಂಕಲ್ಲಿ ನನ್ನ ಕೈ ಹಿಡಿದು 'ತಮ್ಮಾ, ಬಂದ್ಯಾ?' ಅಂದ್ರು. ನನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲ. ಹೌದು ಅಂದುಬಿಟ್ಟೆ. ಹೌದು ಅಂದ ಮೇಲೆ ಕೊಡದೆ ಇರ್ಲಿಕ್ಕೆ ಆಗ್ತದಾ?"

ಸಂಜೆ ಅಂಬಾರಾಯ ಅವನನ್ನು ಬಂಧಿಸಿ, ತಾವೇ ತೋಳು ಹಿಡಿದು ಜೀಪು ಹತ್ತಿಸಿದರು.

"ಧಣೀನ ನೋಡಾಕ ಹೋಗಿದ್ದೇನು?"

"ಹೋದ್ರೆ ಅಲ್ಲಿ ಗುರುತು ಸಿಗ್ತದಲ್ಲ. ದಿನಾ ಫೋನ್ ಮಾಡ್ತೇನೆ." ಭುಜಂಗ ಹೊಟ್ಟೆ ಒತ್ತಿಕೊಂಡು ಮೆಲ್ಲಗೆ ಕೂತ. "ಈಗ ಮಂಕೆಲ್ಲ ಇಳಿದಿದೆ. ಲಿವರ್ ಕೊಟ್ಟ ತಮ್ಮ ನೋಡ್ಲಿಕ್ಕೆ ಯಾಕೆ ಬರುದಿಲ್ಲ ಭುಜಂಗಾ ಅಂತ ನನ್ನ ಹತ್ರವೇ ಕೇಳ್ತಾರೆ."