ಹಾಕದ ಚಿಲಕ

ನನ್ನನ್ನು ಕೊಂದವನು ಸೆಟ್ಟಿನ ಮೂಲೆಯಲ್ಲಿ ಕೂತು ಚಹಾಕ್ಕೆ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದ. ಅರ್ಧ ಬಿಸ್ಕತ್ತು ಲೋಟದಲ್ಲೇ ಮುಳುಗಿಹೋಯಿತು. ಅದಕ್ಕೆ ಅವನ ಮುಖ ಸಣ್ಣಗಾದದ್ದು ನೋಡಿದರೆ, ನನ್ನ ಸಾವಿಗೂ ಅಷ್ಟು ದುಃಖಪಟ್ಟಿರಲಿಕ್ಕಿಲ್ಲ.

ವಿಷಯ ನನಗೆ ಆಗಷ್ಟೇ ಗೊತ್ತಾಗಿತ್ತು. ಮೇಕಪ್ ರೂಮಿನಲ್ಲಿ ಮೇಕಪ್ ಅಕ್ಕ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸುತ್ತಿದ್ದಳು.

"ಯಾರಿಗಕ್ಕಾ ಇವತ್ತು ರಕ್ತದಾನ?" ಅಂದೆ.

ಅವಳ ಚಮಚ ನಿಂತಿತು. "ನಿಂಗೆ ಹೇಳಿಲ್ವೇನೇ ಅವನು?"

ಲೈಟ್ ಹಿಡಿಯುವವರಿಗೆ ಗೊತ್ತಿತ್ತು. ಕ್ಯಾಂಟೀನಿನವರಿಗೆ ಗೊತ್ತಿತ್ತು. ಸಾಯುವವಳಿಗೊಬ್ಬಳಿಗೆ ಗೊತ್ತಿರಲಿಲ್ಲ.

ನಮ್ಮದು ಪತ್ತೇದಾರಿ ಧಾರಾವಾಹಿ. ಕಥೆಗೆ ದಾರಿಯೇ ಪತ್ತೆಯಿಲ್ಲ ಅಂತಾದಾಗ ಪತ್ತೇದಾರನನ್ನು ವಿಮಾನ ಹತ್ತಿಸಿ ವಿದೇಶಕ್ಕೆ ಕಳಿಸಿದರು. ಹೀರೋ ಅಲ್ಲಿ ಸೇತುವೆಗಳ ಮೇಲೆ ಕೋಟು ಹಾರಿಸಿಕೊಂಡು ವಜ್ರದ ಕಳ್ಳನ ಹಿಂದೆ ಓಡುತ್ತಿದ್ದ. ನಾನು ಅವನ ಹೆಂಡತಿ. ಇಲ್ಲಿ ಫೋನು ಎತ್ತುವುದು, ಗಾಬರಿಯಾಗುವುದು, ಫೋನು ಇಡುವುದು. ಇಷ್ಟು ನನ್ನ ಸಂಸಾರ.

ಆದರೆ ಹೀರೋ ಅಲ್ಲಿ, ನಾನು ಇಲ್ಲಿ. ನನಗೆ ಉತ್ತರ ಕೊಡುವವರು ಬೇಕಲ್ಲ? ಕ್ಯಾಮೆರಾ ಹಿಂದೆ ಸ್ಟೂಲಿನ ಮೇಲೆ ಕೂತು ಹೀರೋನ ಮಾತು ಓದುತ್ತಿದ್ದವನು ಇವನು, ನಮ್ಮ ರೈಟರ್. ನಾನಿಟ್ಟ ಹೆಸರು ಪೆನ್ನಪ್ಪ. ಅವನು ನನಗಿಟ್ಟದ್ದು ಗಿಣಿ, ಯಾಕೆಂದರೆ ನಾನು ಯಾರ ದನಿಯನ್ನಾದರೂ ಕದಿಯುತ್ತೇನೆ. ಒಮ್ಮೆ ಕಾರಿಡಾರಿನಲ್ಲಿ ನಿಂತು ಡೈರೆಕ್ಟರ ದನಿಯಲ್ಲಿ "ಪ್ಯಾಕಪ್" ಅಂದಿದ್ದಕ್ಕೆ ಅರ್ಧ ಯೂನಿಟ್ಟು ಮನೆಗೇ ಹೋಗಿತ್ತು.

ಓದುವಾಗ ಅವನು ಒಂದೊಂದು ಮಾತು ಹೆಚ್ಚಿಗೆ ಸೇರಿಸುತ್ತಿದ್ದ. "ಊಟ ಆಯ್ತಾ?" ಅಂತ ಬರೆದಿದ್ದರೆ, "ಊಟ ಆಯ್ತಾ? ಆ ನೀಲಿ ಸೀರೆ ಉಟ್ಕೊಂಡು ಕೇಳಿಸ್ಕೊಳ್ಬೇಡ, ನಂಗೆ ಲೈನ್ ಮರೆತುಹೋಗುತ್ತೆ" ಅನ್ನುತ್ತಿದ್ದ. ನಾನು ಕೆಂಪಾಗುತ್ತಿದ್ದೆ. ಡೈರೆಕ್ಟರು, "ಆ ನಾಚಿಕೆ ಹಾಗೇ ಇರಲಿ!" ಅಂತ ಖುಷಿಪಡುತ್ತಿದ್ದರು. ಹೀಗೆ ವಿದೇಶದಲ್ಲಿರುವ ಗಂಡನ ಹೆಸರಿನಲ್ಲಿ ನಾನು ಕಣ್ಣೆದುರಿನ ಸ್ಟೂಲಿನ ಕಡೆಗೆ ಜಾರುತ್ತಾ ಬಂದಿದ್ದೆ.

"ಏನ್ರೀ," ಅಂದೆ ಈಗ. "ಬಿಸ್ಕತ್ತಿಗೆ ಮೌನಾಚರಣೆ ಮುಗೀತಾ?"

ನಮ್ಮಿಬ್ಬರ ನಡುವೆ 'ನೀವು' ಹೋಗಿ 'ನೀನು' ಬಂದು ಬಹಳ ದಿನವಾಗಿತ್ತು. ಕೋಪ ಅದನ್ನು ಕಿವಿ ಹಿಡಿದು ವಾಪಸ್ ಕರೆತಂದಿತ್ತು. ಅವನಿಗೆ ತಿಳಿಯಿತು. ಎದ್ದು ನಿಂತ.

"ಗಿಣಿ, ನಾನೇ ಹೇಳೋಣ ಅಂತಿದ್ದೆ."

"ಯಾವಾಗ? ನನ್ನ ಫೋಟೋಗೆ ಮೊಳೆ ಹೊಡಿಯುವಾಗಲಾ?"

"ಚಾನೆಲ್‌ನವರು ಹೀರೋಗೆ ಅಲ್ಲೇ ಹೊಸ ಜೋಡಿ ಬೇಕು ಅಂದ್ರು. ನಿನ್ನ ಪಾತ್ರಕ್ಕೆ ಪಕ್ಕದ್ಮನೆಯವನ ಜೊತೆ ಸಂಬಂಧ ಕಟ್ಟಿ ಆಚೆ ಹಾಕಿ ಅಂದ್ರು. ಅದಕ್ಕಿಂತ..."

"ಅದಕ್ಕಿಂತ ಚೂರಿ ವಾಸಿ."

"ಜನ ನಿನಗೋಸ್ಕರ ಅಳಲಿ ಅಂತ..."

"ಮರ್ಯಾದೆಯಾಗಿ ಕೊಂದ್ರಿ, ಸಂತೋಷ. ನಾನು ನಿಮ್ಮನ್ನ ಕಲೆಗಾರ ಅಂದ್ಕೊಂಡಿದ್ದೆ. ಒಂದು ಕೊಂಬು ಕಾಣಿಸಿರಲಿಲ್ಲ, ಕೊಲೆಗಾರ ಅಂತ ಓದ್ಕೋಬೇಕಿತ್ತು."

ಸಾಮಾನ್ಯವಾಗಿ ಇಂಥದ್ದಕ್ಕೆ ಅವನು ನಗುತ್ತಾನೆ. ಎಡಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ. ಹಾಳಾದ್ದು, ಸಿಟ್ಟಿನಲ್ಲೂ ನಾನು ಅದನ್ನೇ ಹುಡುಕಿದೆ. ಬೀಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ. ಕೆಲಸ ಹೋಗುವುದು ನಮಗೆ ಹೊಸದಲ್ಲ. ಆದರೆ ಡೈರೆಕ್ಟರು ರಿಹರ್ಸಲ್‌ಗೆ ಕರೆದರು. ಅವರು ಮೂಗಿನಿಂದ ಮಾತಾಡಿ ಬಾಯಿಂದ ಉಸಿರಾಡುವ ಮನುಷ್ಯ.

"ನೋಡಮ್ಮಾ, ಫೋನಲ್ಲಿ ಮಾತಾಡ್ತಾ ಬಾಗಿಲ ಹತ್ರ ಬರ್ತೀಯಾ. ಚಿಲಕ ಹಾಕಲ್ಲ. ಯಾಕೆ? 'ಅವರು ಬಂದ್ರೆ ಬಾಗಿಲಲ್ಲಿ ಕಾಯ್ಬಾರ್ದು.' ಅಷ್ಟೇ. ಹಿಂದೆಯೇ ಕೊಲೆಗಾರ ಬಾಗಿಲು ತಳ್ಕೊಂಡು ಬರ್ತಾನೆ."

ಜಗತ್ತಿನ ಎಲ್ಲರ ದನಿ ಕದ್ದವಳು ನಾನು. ಅವತ್ತು ನನ್ನ ಅಮ್ಮನ ಮಾತು ಇನ್ನೊಬ್ಬರ ಮೂಗಿನಿಂದ ಬಂತು.

ಅಪ್ಪ ರೈಲು ಓಡಿಸುತ್ತಿದ್ದರು. ಯಾವ ಹೊತ್ತಿಗೆ ಬರುತ್ತಾರೆ ಅಂತ ರೈಲಿಗೇ ಗೊತ್ತಿರುತ್ತಿರಲಿಲ್ಲ. ಅಮ್ಮ ಚಿಲಕ ಹಾಕುತ್ತಿರಲಿಲ್ಲ. "ಅವರು ಬಂದ್ರೆ ಬಾಗಿಲಲ್ಲಿ ಕಾಯ್ಬಾರ್ದು." ಅಪ್ಪ ತೀರಿಹೋದ ಮೇಲೂ ಹಾಕಲಿಲ್ಲ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಒಂದು ಸಂಜೆ ಕ್ಯಾಂಟೀನಿನಲ್ಲಿ, ಇವನ ಮುಂಗೈ ನನ್ನ ಮುಂಗೈಗೆ ತಾಗಿಯೂ ತಾಗದ ಹಾಗೆ ಇದ್ದಾಗ, ಇವನಿಗೆ ಹೇಳಿದ್ದೆ.

ಅದನ್ನೇ ಇವನು ಕೊಲೆಗಾರನಿಗೆ ದಾರಿ ಮಾಡಿಕೊಟ್ಟಿದ್ದ. ನನ್ನ ಅಮ್ಮ ಒಂದು ಎಪಿಸೋಡೂ ಬಿಡದೆ ನೋಡುವವಳು. ತನ್ನ ಚಿಲಕವೇ ಮಗಳನ್ನು ಕೊಲ್ಲುವುದನ್ನು ಅವಳು ನೋಡಬೇಕು.

"ಇದನ್ನ ತೆಗೀರಿ," ಅಂದೆ ಅವನಿಗೆ. ನನ್ನ ದನಿ ನನ್ನದೇ ಆಗಿತ್ತು. ಯಾರ ಮಿಮಿಕ್ರಿಯೂ ಅಲ್ಲ.

"ಲೈಟಿಂಗ್ ಆಗಿದೆ..." ಅಂದ. ಆಮೇಲೆ ನನ್ನ ಮುಖ ನೋಡಿದ. ಏನು ಮಾಡಿದ್ದೇನೆ ಅಂತ ಅವನಿಗೆ ಹೊಳೆದದ್ದು ಆಗಲೇ. ಬಾಯಿ ತೆರೆದ. ಅಷ್ಟರಲ್ಲಿ "ಸೈಲೆನ್ಸ್!" ಅಂತ ಕೂಗಿದರು.

ಆಕ್ಷನ್.

ನಾನು ಫೋನು ಕಿವಿಗಿಟ್ಟು ಬಾಗಿಲ ಹತ್ತಿರ ಬಂದೆ. ನಿಂತೆ. ಚಿಲಕ ಹಾಕಿದೆ.

ಠಣ್.

ಆಚೆಯಿಂದ ಯಾರೋ ತಳ್ಳಿದರು. ಪ್ಲೈವುಡ್ ಗೋಡೆ ಪೂರ್ತಿ ಅಲ್ಲಾಡಿತು. ನಮ್ಮ ಖಾಯಂ ಕೊಲೆಗಾರ ವಿಲನ್ ಮಾಮ, ಮಂಡಿನೋವಿನ ಮುದುಕ, ಸಣ್ಣ ದನಿಯಲ್ಲಿ ಅಂದರು: "ಸಾರ್, ಒಳಗಿಂದ ಹಾಕ್ಬಿಟ್ಟಿದೆ."

ಡೈರೆಕ್ಟರು 'ಕಟ್' ಅನ್ನಲು ಕೈ ಎತ್ತಿದರು. ಅದಕ್ಕೂ ಮೊದಲು ಸ್ಟೂಲಿನಿಂದ ಅವನ ದನಿ ಬಂತು. ಹಾಳೆ ಕೆಳಗಿಟ್ಟಿದ್ದ.

"ಚಿಲಕ ಹಾಕ್ದೆಯಾ?"

ಬರೆದಿರದ ಮಾತು. ನಾನು ಫೋನನ್ನು ಬಿಗಿಯಾಗಿ ಹಿಡಿದೆ. "ಹಾಕ್ದೆ."

"ಒಳ್ಳೇದು ಮಾಡ್ದೆ. ನಾನು ಬಂದ್ರೂ ತೆಗೀಬೇಡ. ನೀನು ನಂಬಿ ಕೊಟ್ಟ ಕೀಲೀನ ನಾನು ಕಂಡೋರಿಗೆ ಕೊಟ್ಟೆ."

"ಯಾಕೆ ಕೊಟ್ರಿ?" ಅಂದೆ. ಅಳುವಲ್ಲ, ಸಿಟ್ಟು. "ಕಥೆ ಸಾಲ್ಲಿಲ್ವಾ ನಿಮಗೆ? ನನ್ನ ಮನೇನೇ ಬೇಕಿತ್ತಾ?"

"ಬರೀತಾ ಇದ್ರೆ ನನಗೆ ನಿನ್ನ ಮನೆ ಬಿಟ್ರೆ ಬೇರೆ ಮನೆ ನೆನಪಿಗೆ ಬರಲ್ಲ. ಅದು ತಪ್ಪಿಗೆ ಕಾರಣ, ನೆಪ ಅಲ್ಲ."

"ಸಾಯ್ತೀನಿ ಅಂತಾನಾದ್ರೂ ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನಾಳೆಯಿಂದ ಈ ಫೋನು ಇರಲ್ಲ ಅನ್ನೋದು ನನಗೇ ನಿಜ ಆಗ್ಬಿಡ್ತಿತ್ತು. ನಿನ್ನ ಹತ್ರ ಮಾತಾಡೋಕೆ ನನಗೆ ಇಷ್ಟು ದಿನ ಇನ್ನೊಬ್ಬನ ಡೈಲಾಗ್ ಬೇಕಾಗಿತ್ತು."

"ಇದು ಯಾರ ಡೈಲಾಗು?"

"ನಂದೇ. ನೀನಂದ್ರೆ ನನಗೆ ಪ್ರಾಣ."

"ಪ್ರಾಣ ತೆಗೆಯೋ ದಿನ ಹೇಳ್ತೀರಲ್ರೀ!" ಅಂತ ಕಿರುಚಿದೆ. ಕಣ್ಣೀರು ಬಂದೇಬಿಟ್ಟಿತು, ಗ್ಲಿಸರಿನ್ ಇಲ್ಲದೆ.

ಯಾರೂ ಕಟ್ ಅನ್ನಲಿಲ್ಲ. ಡೈರೆಕ್ಟರು ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಸೆಟ್ಟಿನ ಮನೆಗೆ ಮೂರೇ ಗೋಡೆ. ವಿಲನ್ ಮಾಮ ಸುತ್ತಿ ಬಂದು ಕಿಟಕಿ ಪರದೆಯ ಹಿಂದೆ ಸೇರಿಕೊಂಡಿದ್ದರು. ಈಗ ಮೆಲ್ಲನೆ ನನ್ನ ಬೆನ್ನಿಗೆ ಬಂದು ಪಿಸುಗುಟ್ಟಿದರು: "ತಾಯೀ, ಚುಚ್ಲಾ?"

"ಚುಚ್ಚಿ ಮಾಮ," ಅಂದೆ. ಅದಕ್ಕಿಂತ ಮೊದಲೇ ಚುಚ್ಚಿಸಿಕೊಂಡು ಆಗಿತ್ತು.

ಕಟ್ ಆದಮೇಲೆ ಡೈರೆಕ್ಟರು ಕುಣಿದಾಡಿದರು. "ಒಳಗಿಂದ ಚಿಲಕ ಹಾಕಿದ ಮನೇಲಿ ಕೊಲೆ! ಪತ್ತೇದಾರನಿಗೆ ಇಷ್ಟು ದಿನಕ್ಕೆ ಪತ್ತೆ ಹಚ್ಚೋಕೆ ಏನೋ ಸಿಕ್ತು!" ಮೇಕಪ್ ಅಕ್ಕ ನನ್ನ ಬೆನ್ನಿನ ಪಾಕ ಒರೆಸುತ್ತಾ ತಾನೇ ಅತ್ತಳು.

ಗೇಟಿನ ಹತ್ತಿರ ಅವನು ಓಡಿ ಬಂದ. "ಗಿಣಿ..."

"ಸತ್ತವರು ಮಾತಾಡಲ್ಲ," ಅಂದು ಬಸ್ಸು ಹತ್ತಿದೆ. ಹಿಂದಿನ ಗಾಜಿನಲ್ಲಿ ನೋಡಲಿಲ್ಲ. ಸೈಡ್ ಗಾಜಿನಲ್ಲಿ ನೋಡಿದೆ. ನಿಂತೇ ಇದ್ದ.

ಎಪಿಸೋಡು ಬರುವ ಸಂಜೆ ಅಮ್ಮನ ಪಕ್ಕ ಕೂತೆ. ಅವನು ಆಡಿದ್ದರಲ್ಲಿ ಅರ್ಧ ಕತ್ತರಿಸಿ, ಉಳಿದರ್ಧವನ್ನು ಹೀರೋನ ದನಿಯಲ್ಲಿ ತುಂಬಿದ್ದರು. ಆದರೂ ನನಗೆ ಕೇಳಿಸಿದ್ದು ಸ್ಟೂಲಿನ ದನಿಯೇ.

"ಈ ಗಂಡು ಇವತ್ತು ಯಾಕೋ ಮನುಷ್ಯನ ಹಾಗೆ ಮಾತಾಡ್ತಿದೆ," ಅಂದಳು ಅಮ್ಮ. ಆಮೇಲೆ ತಟ್ಟನೆ, "ಅಯ್ಯೋ, ಚಿಲಕ ಯಾಕೆ ಹಾಕ್ದೆಯೇ?"

"ಕೊಲೆಗಾರ ಬರಬಾರ್ದು ಅಂತಮ್ಮಾ."

"ಹಾಕಿದ್ಮೇಲೂ ಬಂದ್ನಲ್ಲ! ಬರೋನು ಬಂದೇ ಬರ್ತಾನೆ. ತೆಗೆದಿಟ್ಟಿದ್ರೆ ಉಳಿಸೋಕೂ ಯಾರಾದ್ರೂ ಬರ್ತಿದ್ರು." ಕಣ್ಣು ಒರೆಸಿಕೊಂಡಳು. "ದಡ್ಡಿ."

ಇವಳಿಗೋಸ್ಕರ ನಾನು ಯುದ್ಧ ಮಾಡಿದ್ದೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಯಾರದು? ತೆಗೆದೇ ಇದೆಯಲ್ಲ, ತಳ್ಕೊಂಡು ಬರ್ಬಾರ್ದಾ?" ಅಂದಳು ಅಮ್ಮ.

ಮನೆಗೆ ಬರುವವರೆಲ್ಲ ಮೊದಲು ತಳ್ಳುತ್ತಾರೆ. ಈ ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ ಅಂತ ಚೆನ್ನಾಗಿ ಗೊತ್ತಿದ್ದೂ ಬಡಿದು ನಿಲ್ಲುವವನು ಒಬ್ಬನೇ. ಎದ್ದು ಹೋಗಿ ಬಾಗಿಲಿಗೆ ಬಾಯಿಟ್ಟು ಡೈರೆಕ್ಟರ ಮೂಗಿನಲ್ಲಿ ಕೇಳಿದೆ: "ಯಾರಪ್ಪಾ ಅದು?"

ಆಚೆಯಿಂದ ಅವನ ದನಿ: "ಕೊಲೆಗಾರ."

"ಒಳಗೆ ಬರೋ ದಾರಿ ಗೊತ್ತಲ್ಲ ನಿಮಗೆ. ಬರೆದು ಊರಿಗೆಲ್ಲ ಹಂಚಿದೋರು."

"ಗೊತ್ತು. ನೀನು ಕರೆದ್ರೆ ಮಾತ್ರ ಬರ್ತೀನಿ. ಕರೀದಿದ್ರೆ ಇಲ್ಲೇ ಇರ್ತೀನಿ."

ನಾನು ಚಿಲಕ ಹಾಕಿದೆ. ಠಣ್. ಎಷ್ಟೋ ವರ್ಷಗಳ ತುಕ್ಕು ಬೆರಳಿಗೆ ಅಂಟಿತು. ಆಚೆ ಅವನು ಉಸಿರು ಬಿಟ್ಟದ್ದು ಕೇಳಿಸಿತು. ಆದರೆ ಹೆಜ್ಜೆ ಸಪ್ಪಳ ಕೇಳಲಿಲ್ಲ. ಟೀವಿಯಲ್ಲಿ ಸೋಪಿನ ಜಾಹೀರಾತು ಮುಗಿಯಿತು, ಪೇಂಟಿನದು ಮುಗಿಯಿತು. ಅವನು ಅಲುಗಲಿಲ್ಲ.

ಚಿಲಕ ತೆಗೆದೆ.

ಕೈಯಲ್ಲಿ ಹೂವಿಲ್ಲ, ಏನಿಲ್ಲ. ಕೆಂಪು ಕಣ್ಣು. ನನ್ನನ್ನು ಕಂಡೊಡನೆ ಎಡಗೆನ್ನೆಯ ಗುಳಿ ಬೀಳಲೋ ಬೇಡವೋ ಅಂತ ಅಪ್ಪಣೆ ಕೇಳುತ್ತಿತ್ತು.

"ನನ್ನ ಕೋಪ ಹೋಗಿಲ್ಲ," ಅಂದೆ.

"ಗೊತ್ತು."

"ಬೇಗ ಹೋಗೋದೂ ಇಲ್ಲ."

"ಕಾಯ್ತೀನಿ."

"ಬಾ ಒಳಗೆ," ಅಂದೆ. "ಚಹಾ ಕೊಡ್ತೀನಿ. ಬಿಸ್ಕತ್ತು ಕೊಡಲ್ಲ, ನೀನು ಮುಳುಗಿಸ್ತೀಯ."