ಶುಕ್ರವಾರದ ಕಂತು

ಕುವೈತಿನ ರಿಗ್ಗೈ ಬಡಾವಣೆಯ ಕಿರಾಣಿ ಅಂಗಡಿಯಲ್ಲಿ ಉಮಾವತಿಯನ್ನು ಕಂಡೊಡನೆ ರೋಹಿದಾಸ ಅಕ್ಕಿಮೂಟೆಗಳ ಹಿಂದೆ ಸರಿದ. ಆರಡಿ ಗಂಡಸಿಗೆ ಅಕ್ಕಿಮೂಟೆಯ ಮರೆ ಎಲ್ಲಿ ಸಾಕು? ಕೊಲ್ಲಿ ಯುದ್ಧ ಮುಗಿದು ಅವನು ಶುವೈಖ್‌ನ ಗೋದಾಮಿನ ಕೆಲಸಕ್ಕೆ ಮರಳಿ ಎರಡು ತಿಂಗಳಾಗಿತ್ತು. ಅವಳ ಅರವತ್ತು ದಿನಾರ್ ಕೊಡದೆ ಮುಖ ತೋರಿಸುವುದು ಹೇಗೆಂದು ಅಷ್ಟು ದಿನವೂ ತಲೆ ತಪ್ಪಿಸಿಕೊಂಡು ತಿರುಗಿದ್ದ.

ಉಮಾವತಿ ಹತ್ತಿರ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬದುಕಿದ್ದಾನೆಂದು ಖಾತ್ರಿ ಮಾಡಿಕೊಳ್ಳುವಂಥ ನೋಟ. ಅವಳ ಕಣ್ಣಂಚು ಒದ್ದೆಯಾಗಿತ್ತು.

"ಅಮ್ಮನ ಕಣ್ಣು ಈಗ ಹೇಗುಂಟು?"

ಹಣ ಕೇಳಿದ್ದರೆ ಏನಾದರೂ ಹೇಳಿ ಪಾರಾಗುತ್ತಿದ್ದ. ಹೋದ ವರ್ಷ, ಯುದ್ಧಕ್ಕೆ ಹದಿನೈದು ದಿನ ಮೊದಲು, ಅಮ್ಮನ ಕಣ್ಣಿನ ಆಪರೇಷನ್ ಎಂದು ಹೇಳಿ ಆ ಹಣ ಪಡೆದಿದ್ದ. ಅಮ್ಮನ ಕಣ್ಣಿಗೆ ಏನೂ ಆಗಿರಲಿಲ್ಲ. ರಜೆಗೆ ಊರಿಗೆ ಹೋಗುವವನ ಪೆಟ್ಟಿಗೆಯಲ್ಲೊಂದು ವಿಸಿಆರ್ ಇಲ್ಲದಿದ್ದರೆ ಕುವೈತಿನಲ್ಲಿದ್ದಾನೆಂದು ಯಾರು ನಂಬುತ್ತಾರೆ? ಆ ವಿಸಿಆರ್ ಯುದ್ಧದ ಲೂಟಿಯಲ್ಲಿ ಹೋಯಿತು, ಸುಳ್ಳು ಮಾತ್ರ ಉಳಿಯಿತು.

ಪರವಾಗಿಲ್ಲ ಎಂದು ಗೊಣಗಿದ. ಅವಳು ಬಿಡಲಿಲ್ಲ. ಸಾಲಗಳು ಕುತ್ತಿಗೆಗೆ ಬಂದಿವೆಯೆಂದು ಬಾಯಿ ಬಿಡಿಸಿ, ಶುಕ್ರವಾರ ತಾನಿದ್ದ ಅಕ್ಕ-ಭಾವನ ಮನೆಗೆ ಕರೆಸಿಕೊಂಡಳು.

ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದ ಕಾಲ. ಬಾಲ್ಕನಿಯ ಬಟ್ಟೆಗಳ ಮೇಲೆಲ್ಲ ಮಸಿ. ಅಕ್ಕ ಬೀನ್ಸ್ ಮುರಿಯುತ್ತ ಪಕ್ಕದಲ್ಲೇ ಕುಳಿತಿದ್ದಳು. ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವ ಉಮಾವತಿ, ರೋಗಿಯ ವಿವರ ಬರೆದುಕೊಳ್ಳುವಂತೆ ಅವನ ಸಾಲಗಳನ್ನು ಕೇಳಿ ಕೇಳಿ ಬರೆದಳು. ವೀಸಾ ಏಜೆಂಟನ ನೂರೈವತ್ತಕ್ಕೆ ಬಡ್ಡಿ ಇದೆ, ಅದು ಮೊದಲು ತೀರಬೇಕು. ರೂಮಿನ ಜೋಕಿಮ್‌ಗೆ ತಿಂಗಳಿಗೆ ಐದಾದರೂ ಕೊಡಬೇಕು, ಕಣ್ಣು ತಪ್ಪಿಸಬಾರದು. ಅಂಗಡಿಯಲ್ಲಿ ಇನ್ನು ಸಾಲ ಬರೆಸಬಾರದು, ಸಿಗರೇಟು ಬಿಡಬೇಕು. ಸಂಬಳದ ದಿನವೇ ಸಾಲದ್ದು ತೆಗೆದಿಟ್ಟು ಉಳಿದದ್ದರಲ್ಲಿ ಬದುಕಬೇಕು.

ತನ್ನ ಹೆಸರನ್ನು ಎಲ್ಲಕ್ಕಿಂತ ಕೆಳಗೆ ಬರೆದಳು. ತನ್ನದಕ್ಕೆ ಬಡ್ಡಿಯಿಲ್ಲ, ಕಡೆಗೆ ಕೊಟ್ಟರೆ ಸಾಕೆಂದು ಪೆನ್ನಿನ ತುದಿ ಕಚ್ಚಿ, ಓರೆಗಣ್ಣಲ್ಲಿ ನೋಡಿ ನಕ್ಕಳು. ಯುದ್ಧ ಬಂದು ಕುವೈತ್ ಬಿಟ್ಟು ಓಡಿದಾಗ ಜೋರ್ಡಾನಿನ ನಿರಾಶ್ರಿತರ ಡೇರೆಗಳಲ್ಲಿ ಈ ನಗುವನ್ನು ನೆನೆದೇ ಅವನು ದಿನ ದೂಡಿದ್ದ. ಈಗ ಅದು ಎದುರಿಗಿದ್ದರೂ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಅಮ್ಮನ ಕಣ್ಣಿಗೆ ಎಂತದೂ ಆಗಿರ್ಲಿಲ್ಲ," ಎಂದ. "ನಾನು ಸುಳ್ಳು ಹೇಳಿದ್ದು. ನಿಮ್ಮ ಹಣದಲ್ಲಿ ವಿಸಿಆರ್ ತಗೊಂಡೆ."

ಅಕ್ಕನ ಕೈ ನಿಂತಿತು. ಉಮಾವತಿಯ ಮುಖದಲ್ಲಿ ನಗು ಆರಿಹೋಯಿತು. ಕೆಳಗಿನ ತನ್ನ ಹೆಸರನ್ನು ಹೊಡೆದುಹಾಕಿ, ಎಲ್ಲಕ್ಕಿಂತ ಮೇಲೆ ಬರೆದಳು.

"ಕಣ್ಣಿಗೆ ಕೊಟ್ಟದ್ದಾದ್ರೆ ಕಾಯ್ತಿದ್ದೆ. ವಿಸಿಆರಿಗೆ ಕೊಟ್ಟದ್ದು ಮೊದಲು ವಾಪಸ್ ಬೇಕು. ತಿಂಗಳಿಗೆ ಹದಿನೈದು."

ಸೆಪ್ಟೆಂಬರಿನ ಕಂತನ್ನು ಭಾವ ಬಾಗಿಲಲ್ಲೇ ಇಸಿದುಕೊಂಡರು. ಅವಳು ಹೊರಗೆ ಬರಲಿಲ್ಲ. ಏಜೆಂಟನಿಗೆ ಬಡ್ಡಿಯಷ್ಟೇ ಕಟ್ಟುತ್ತ, ಸಿಗರೇಟಿಲ್ಲದೆ, ರಾತ್ರಿಯ ಊಟಕ್ಕೆ ಖುಬ್ಬೂಸ್ ರೊಟ್ಟಿ ಮತ್ತು ಚಹಾದಲ್ಲಿ ಅವನು ತಿಂಗಳು ಕಳೆದ. ಅಕ್ಟೋಬರಿನಲ್ಲಿ ಅವಳೇ ಬಾಗಿಲು ತೆಗೆದಳು, ಹಣ ಎಣಿಸಿಕೊಂಡು ಮುಚ್ಚಿದಳು. ನವೆಂಬರಿನಲ್ಲಿ ಬಾವಿಗಳ ಬೆಂಕಿ ಆರಿತು, ಒಂದು ಲೋಟ ಚಹಾ ಸಿಕ್ಕಿತು. ಬಹಳ ಸಪೂರ ಆಗಿದ್ದೀರೆಂದು ಅವಳು ಲೋಟಕ್ಕೆ ಹೇಳುವಂತೆ ಹೇಳಿದಳು. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ.

ಡಿಸೆಂಬರಿನಲ್ಲಿ ಕೊನೆಯ ಹದಿನೈದನ್ನು ಅವಳು ಎರಡು ಸಲ ಎಣಿಸಿದಳು. ತಲೆ ಎತ್ತದೆ ಕೇಳಿದಳು.

"ಲೆಕ್ಕ ಮುಗೀತು. ಇನ್ನು ನೀವು ಎಂತಕ್ಕೆ ಬರುದು?"

ಭಾವನನ್ನು ಕಾಣಲು, ಜೋಕಿಮ್‌ನ ಸಾಲದ ಬಗ್ಗೆ ಕೇಳಲು ಎಂದೆಲ್ಲ ನೆಪಗಳು ನಾಲಗೆಯ ತುದಿಗೆ ಬಂದವು. ಅವನು ಅವನ್ನು ನುಂಗಿಕೊಂಡ. ಕಿವಿಯವರೆಗೂ ಕೆಂಪಾದ.

"ನಿಮ್ಮನ್ನು ನೋಡ್ಲಿಕ್ಕೆ. ಏಜೆಂಟನ ಸಾಲ ಹಾಗೇ ಉಂಟು, ಕೈಯಲ್ಲಿ ಎಂತದೂ ಇಲ್ಲ. ಆದ್ರೂ ಬರ್ಬಹುದಾ?"

ಉಮಾವತಿ ಈಗ ಕಣ್ಣೆತ್ತಿ ನೋಡಿದಳು.

"ಮುಂದಿನ ಶುಕ್ರವಾರ ಊಟಕ್ಕೆ ಬನ್ನಿ," ಎಂದಳು. "ಬರಿಗೈಯಲ್ಲೇ ಬರ್ಬೇಕು. ಎಂತಾದ್ರೂ ತಂದ್ರೆ ನಾನು ಬಾಗಿಲು ತೆಗಿಯುದಿಲ್ಲ."